ಎರಡನೆಯ ತಂತಿ

ಆ ಭಾನುವಾರ ನಮ್ಮ ಮನೆಯಲ್ಲಿ ವಿಶೇಷವೇನೂ ನಡೆಯಲಿಲ್ಲ. ಬೆಳಿಗ್ಗೆ ಅಕ್ಕಿರೊಟ್ಟಿ, ಮಧ್ಯಾಹ್ನ ಅವರೆಕಾಳಿನ ಸಾರು. ನಾನು ಅರಸೀಕೆರೆ ಸ್ಟೇಷನ್ನಿನಲ್ಲಿ ಗಾಡಿಗಳ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿದ್ದೆ. ನಮ್ಮ ಕ್ವಾರ್ಟರ್ಸ್ ಹಳಿಗೆ ಎಷ್ಟು ಹತ್ತಿರವೆಂದರೆ, ಗೂಡ್ಸ್ ಗಾಡಿ ಹೋದಾಗಲೆಲ್ಲ ಅಡುಗೆಮನೆಯ ಲೋಟಗಳು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಿದ್ದವು. ಊಟವಾದ ಮೇಲೆ ನನ್ನ ಹೆಂಡತಿ ಸುಶೀಲ ಗಿಟಾರನ್ನು ಮಡಿಲಲ್ಲಿಟ್ಟುಕೊಂಡು ಚಾಪೆಯ ಮೇಲೆ ಕೂತಳು. ಅದೇ ಕೊನೆಯ ಮಾಮೂಲಿ ದಿನ ಎಂದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ.

ಮುಂದೆ ಹೇಳುವುದನ್ನು ಬೇರೆಯವರು ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ರೈಲ್ವೆಯಲ್ಲಿರುವವರಿಗೆ ಇಂಥ ಕಥೆಗಳು ಬೇಕಾದಷ್ಟು ಸಿಗುತ್ತವೆ. ಸಿಗ್ನಲ್ ಕಂಬದ ಹತ್ತಿರ ನಿಲ್ಲುವ ಹೆಂಗಸು, ಹೆಸರು ಹಿಡಿದು ಕರೆಯುವ ದನಿ, ಇತ್ಯಾದಿ. ನಾನು ಅವನ್ನೆಲ್ಲ ಕೇಳಿ, ಟೀ ಲೋಟ ತೊಳೆದಿಟ್ಟು ಎದ್ದುಹೋಗುವವನು. ಈಗಲೂ ನಂಬುತ್ತೇನೆ ಎಂದು ಹೇಳಲಾರೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ಅಷ್ಟೆ.

ಸುಶೀಲ ಪ್ರೈಮರಿ ಶಾಲೆಯ ಟೀಚರ್. ತವರು ಹಳೇಬೀಡಿನ ಪಕ್ಕದ ಬಸ್ತಿಹಳ್ಳಿ. ಟೀಚರ್ ಟ್ರೈನಿಂಗ್ ಮಾಡುವಾಗ ಹಾಸ್ಟೆಲ್ಲಿನಲ್ಲಿ ಗಿಟಾರ್ ಕಲಿತಿದ್ದಳು. ಮಕ್ಕಳಿಗೆ ಪದ್ಯ ಹೇಳಿಕೊಡುವಾಗ ನುಡಿಸುತ್ತಿದ್ದಳು. ಕೊನೆಕೊನೆಗೆ ಎಡಗೈ ಬೆರಳುಗಳ ಗೆಣ್ಣು ಊದಿಕೊಂಡು ತಂತಿ ಒತ್ತಲು ಆಗದಂತಾಯಿತು. ಒತ್ತದಿದ್ದರೆ ಗಿಟಾರ್ ಹಾಡುವುದಿಲ್ಲ. ಅದಕ್ಕೆ ಅವಳು ಬೇರೆ ದಾರಿ ಹುಡುಕಿದಳು. ಬೆರಳಿಡದೆ ಖಾಲಿ ತಂತಿ ಮೀಟಿದರೂ ತುಂಬಿದ ನಾದ ಬರಬೇಕು, ಹಾಗೆ ಆರೂ ತಂತಿಗಳ ಶ್ರುತಿಯನ್ನೇ ಬೇರೆ ಮಾಡಬೇಕು. ಸುಮ್ಮನೆ ಸ, ಗ, ಪ ಕೂಡಿಸಿದರೆ ಅವಳಿಗೆ ಸಾಲದು. ಚಿಕ್ಕಂದಿನಲ್ಲಿ ಬಸ್ತಿಹಳ್ಳಿಯ ಬಸದಿಯೊಳಗೆ ನಿಂತು ಹಾಡಿದರೆ ಒಂದು ಸ್ವರದ ತಲೆಯ ಮೇಲೆ ಇನ್ನೊಂದು ಸ್ವರ ನಿಲ್ಲುತ್ತಿತ್ತಂತೆ. ಅದು ಬೇಕಾಗಿತ್ತು.

ಆ ಮಧ್ಯಾಹ್ನ ಬಿರಡೆ ತಿರುಗಿಸುತ್ತಾ, ಮೀಟುತ್ತಾ, ತಲೆ ಅಲ್ಲಾಡಿಸುತ್ತಾ ಇದ್ದವಳು ಒಮ್ಮೆಗೇ ಕೈ ನಿಲ್ಲಿಸಿದಳು.

"ಇದೇ ಕಣ್ರೀ."

ಮತ್ತೆ ಮೀಟಿದಳು. ನನಗೆ ಸಂಗೀತ ಬರುವುದಿಲ್ಲ. ಆದರೆ ಆ ನಾದ ಮುಗಿದ ಮೇಲೂ ಮುಗಿದಂತೆ ಅನ್ನಿಸಲಿಲ್ಲ. ಯಾರೋ ಹೊರಟು ನಿಂತು, ಬಾಗಿಲಲ್ಲಿ ಇನ್ನೊಂದು ಮಾತಾಡಿದ ಹಾಗೆ.

"ಸ, ಗ, ಪ ಇದ್ರೆ ಮನೆ ನಡೆಯುತ್ತೆ. ಆದ್ರೆ ಕಿಟಕಿ ಇರಲ್ಲ," ಅಂದಳು. "ಅದರ ಮೇಲೆ ನಿ, ಇನ್ನೂ ಮೇಲೆ ರಿ. ಈಗ ಕಿಟಕಿ ತೆಗೆದ ಹಾಗಾಯ್ತು."

"ಕಿಟಕಿ ತೆಗೆದ್ರೆ ಸೊಳ್ಳೆ ಬರುತ್ತೆ."

"ನಿಮಗೆ ಹೇಳಿದ್ನಲ್ಲ, ನನ್ನ ಬುದ್ಧಿಗಿಷ್ಟು," ಎಂದು ನಕ್ಕಳು. "ಶ್ರುತಿ ಸಿಕ್ತು. ನಾಳೆ ಸಾಯಂಕಾಲ ಇದಕ್ಕೊಂದು ಹಾಡು ಕೂರಿಸ್ತೀನಿ."

ಗಿಟಾರನ್ನು ಗೋಡೆಯ ಮೊಳೆಗೆ ಹಾಕಿದಳು. ಮರುದಿನ ಶಾಲೆಯಲ್ಲಿ ಬೋರ್ಡಿನ ಮುಂದೆ ಕುಸಿದಳು. ಹಾಸನದ ಆಸ್ಪತ್ರೆಗೆ ಒಯ್ಯುವ ದಾರಿಯಲ್ಲೇ ಹೋಗಿಬಿಟ್ಟಳು.

ವೈಕುಂಠ ಸಮಾರಾಧನೆಯ ದಿನ ಅವಳ ತಮ್ಮ ನಾಗು ಬಂದಿದ್ದ. ಬೇಲೂರಿನಲ್ಲಿ ಕ್ಯಾಸೆಟ್ ಅಂಗಡಿ ಇಟ್ಟುಕೊಂಡು, ಮದುವೆ ಮನೆಗಳ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತಿದ್ದ ಹುಡುಗ. ಊಟದ ಎಲೆ ಎತ್ತಿಸಿ ನಾನು ಒಳಗೆ ಬರುವಾಗ ಅವನು ಗಿಟಾರನ್ನು ಮೊಳೆಗೆ ಹಾಕುತ್ತಿದ್ದ. ಕಣ್ಣು ಕೆಂಪಾಗಿತ್ತು.

"ಭಾವ, ಅಕ್ಕನ ಗಿಟಾರ್ ಶ್ರುತಿ ಪೂರ್ತಿ ಕೆಟ್ಟೋಗಿತ್ತು. ಸರಿ ಮಾಡಿಟ್ಟಿದ್ದೀನಿ."

ಆ ಭಾನುವಾರ ಅವಳಿಗೆ ಸಿಕ್ಕಿದ್ದ ಶ್ರುತಿ ಹೋಗಿತ್ತು. ಅವನು ಮಾಡಿದ್ದು ಪ್ರೀತಿಯಿಂದ. ಯಾವ ಗಿಟಾರ್‌ನವನಾದರೂ ಅದನ್ನೇ ಮಾಡುತ್ತಿದ್ದ.

ಒಂದು ತಿಂಗಳು ಸುಮ್ಮನಿದ್ದು ಆಮೇಲೆ ಅವನಿಗೆ ಹೇಳಿದೆ. ಹೇಳಬಾರದಿತ್ತೇನೋ. ಯಾವ ತಂತಿ ಎಲ್ಲಿತ್ತು, ಎಷ್ಟು ತಿರುಗಿಸಿದೆ, ಒಂದೂ ನೆನಪಿಲ್ಲ ಅಂದ. ಆ ದಿನ ಅವನ ತಲೆ ಸ್ಥಿಮಿತದಲ್ಲಿರಲಿಲ್ಲ. ಅಲ್ಲಿಂದ ಮುಂದೆ ಅಂಗಡಿಗೆ ರಜ ಇದ್ದಾಗಲೆಲ್ಲ ಬೇಲೂರಿನ ಬಸ್ಸಿಗೆ ಬರುತ್ತಿದ್ದ. ಅವನು ತಿರುಗಿಸಿ ಮೀಟುವುದು, ನಾನು ಕೇಳುವುದು.

"ಹೀಗಾ ಭಾವ?"

"ಅಲ್ಲ."

"ಇದು?"

"ಹತ್ತಿರ ಇದೆ. ಅಲ್ಲ ಕಣೋ."

ಅವನು ತಂತಿಗಳನ್ನು ಇಳಿಸಿ ಇಳಿಸಿ ನೋಡುತ್ತಿದ್ದ. ಇಂಥ ಶ್ರುತಿಗೆ ಎಲ್ಲರೂ ಇಳಿಸುವುದೇ, ಏರಿಸಿದರೆ ಹರಿದುಹೋಗುತ್ತದೆ ಎನ್ನುತ್ತಿದ್ದ. ನನ್ನ ಕಷ್ಟ ಬೇರೆ. ಪ್ರತಿ ಸಲ ಬೇರೆ ನಾದ ಕೇಳಿದಾಗಲೂ ನನ್ನ ನೆನಪಿನಲ್ಲಿದ್ದದ್ದು ಸ್ವಲ್ಪ ಸವೆಯುತ್ತಿತ್ತು. ಆ ನಾದ ಕೇಳಿದ್ದವನು ಲೋಕದಲ್ಲಿ ನಾನೊಬ್ಬನೇ. ನಾನೂ ಮರೆತರೆ ಅದು ಇರಲೇ ಇಲ್ಲ ಎಂದಾಗುತ್ತಿತ್ತು. ಕಡೆಗೆ, ಸಾಕು ನಾಗು, ಮಾಮೂಲಿನ ಹಾಗೆ ಮಾಡಿಟ್ಟುಬಿಡು ಅಂದೆ. ಇಟ್ಟ. ಆಮೇಲೆ ಅವನು ಬರುವುದು ಕಡಿಮೆಯಾಯಿತು. ನಾನೂ ಕರೆಯಲಿಲ್ಲ. ಇಬ್ಬರಿಗೂ ದಣಿವಾಗಿತ್ತು.

ಬೇಸಿಗೆಯಲ್ಲಿ ಒಂದು ದಿನ ಡ್ಯೂಟಿ ಮುಗಿಸಿ ಮಧ್ಯಾಹ್ನ ಮನೆಗೆ ಬಂದೆ. ಬೀಗ ಹಾಕಿದ ಹಾಗೇ ಇತ್ತು. ಕೈಕಾಲು ತೊಳೆದು, ಉಣ್ಣಲು ಮನಸ್ಸಾಗದೆ ಚಾಪೆಯ ಮೇಲೆ ಒರಗಿದೆ. ಬಾಣಾವರದ ಕಡೆಯಿಂದ ಒಂದು ಗೂಡ್ಸ್ ಬಂತು. ಲೋಟಗಳು ಅಲುಗಿದವು. ಗೋಡೆಯ ಮೇಲೆ ಗಿಟಾರ್ ಎಂದಿನಂತೆ ಗುಂಯ್ ಎಂದಿತು. ಆದರೆ ಅದು ಎಂದಿನ ದನಿಯಲ್ಲ. ಗಾಡಿ ದಾಟಿಹೋಯಿತು. ನಾದ ಬಾಗಿಲಲ್ಲಿ ನಿಂತಿತ್ತು.

ಎದ್ದು, ಗೋಡೆಯಿಂದ ತೆಗೆಯದೆ, ಹೆಬ್ಬೆರಳಿನಿಂದ ಒಂದು ಸಲ ಮೀಟಿದೆ. ಅದೇ. ಇನ್ನೊಂದು ಸಲ ಮೀಟಲು ಧೈರ್ಯ ಬರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಎಸ್‌ಟಿಡಿ ಬೂತಿಗೆ ಹೋಗಿ ನಾಗುವಿನ ಅಂಗಡಿಗೆ ಫೋನ್ ಮಾಡಿದೆ. ಅವನು ಸಂಜೆಯ ಬಸ್ಸಿಗೆ ಬಂದ.

ಊದಿ ಶ್ರುತಿ ನೋಡುವ ಒಂದು ಪುಟ್ಟ ಪೀಪಿ ಅವನ ಹತ್ತಿರ ಇತ್ತು. ಒಂದೊಂದೇ ತಂತಿಯನ್ನು ಅದಕ್ಕೆ ಹೋಲಿಸಿ ನೋಡಿದ. ಮೊದಲು ದಪ್ಪ ತಂತಿ. "ಇಳಿದಿದೆ," ಅಂದ. ಕೆಳಗಿನಿಂದ ಮೂರನೆಯದೂ ಸ್ವಲ್ಪ ಇಳಿದಿತ್ತು. "ಬಿಸಿಲಿಗೆ ಇಳಿಯುತ್ತೆ ಭಾವ. ರೈಲಿನ ಅದುರಿಗೂ ಇಳಿಯುತ್ತೆ." ಕೆಳಗಿನಿಂದ ಎರಡನೆಯ ತಂತಿಗೆ ಬಂದಾಗ ಪೀಪಿ ಊದಿದ, ಮೀಟಿದ, ಮತ್ತೆ ಊದಿದ. ಪೀಪಿಯನ್ನು ಮಡಿಲಲ್ಲಿಟ್ಟುಕೊಂಡ.

"ಇದು ಏರಿದೆ."

"ಅಂದ್ರೆ?"

"ತಂತಿ ತಾನಾಗೇ ಇಳಿಯುತ್ತೆ. ತಾನಾಗೇ ಏರಲ್ಲ. ಒಂದು ಪೂರ್ತಿ ಸ್ವರ ಏರಿದೆ ಭಾವ. ಬಿರಡೆ ತಿರುಗಿಸದೆ ಆಗಲ್ಲ." ನನ್ನ ಮುಖ ನೋಡಿದ. "ನಿಜ ಹೇಳಿ. ನೀವೇನಾ?"

"ನನಗೆ ಬಿರಡೆ ಯಾವ ಕಡೆ ತಿರುಗಿಸಬೇಕು ಅಂತಾನೂ ಗೊತ್ತಿಲ್ಲ ಕಣೋ. ನೀನೇನಾ?"

"ನನಗೆ ಈ ಶ್ರುತಿ ಗೊತ್ತಿದ್ರೆ ಇಷ್ಟು ದಿನ ಯಾಕೆ ಒದ್ದಾಡ್ತಿದ್ದೆ?"

ಇನ್ನೊಂದು ಬೀಗದ ಕೈ ಸುಶೀಲಳದು. ಅದು ಮನೆಯೊಳಗೆ, ಕ್ಯಾಲೆಂಡರಿನ ಪಕ್ಕದ ಮೊಳೆಯಲ್ಲೇ ನೇತಾಡುತ್ತಿತ್ತು. ಇಬ್ಬರೂ ಅದನ್ನು ನೋಡಿದೆವು.

ಆಗ ನನಗೊಂದು ನೆನಪಾಯಿತು. ಆ ಭಾನುವಾರಕ್ಕೂ ಮುಂಚೆ ಅವಳ ಮುಂಗೈ ಮೇಲೆ ತೆಳ್ಳಗೆ ಒಂದು ಗೀರು ಬಿದ್ದಿತ್ತು. ಬಿಗಿ ಮಾಡುವಾಗ ತಂತಿ ಹರಿದು ಬಡಿಯಿತು ಅಂದಿದ್ದಳು. ಹಾಗಾದರೆ ಅವಳು ತಂತಿ ಏರಿಸುತ್ತಿದ್ದದ್ದು ನನಗೆ ಗೊತ್ತಿತ್ತು ಎಂದಾಯಿತು. ನಿದ್ದೆಗಣ್ಣಿನಲ್ಲಿ ನಾನೇ ತಿರುಗಿಸಿದೆನೆ ಎಂದೂ ಯೋಚಿಸಿದ್ದೇನೆ. ಆದರೆ ಎಷ್ಟು ತಿರುಗಿಸಬೇಕೆಂದು ನನ್ನ ಕೈಗೆ ಯಾರು ಹೇಳಿಕೊಟ್ಟರು? ಸ್ಟೇಷನ್ನಿನಲ್ಲಿ ಒಬ್ಬರಿಗೆ ಹೇಳಿದಾಗ, ಎಲ್ಲ ಗಾಡಿಯ ಅದುರು ಕಣ್ರೀ ಅಂದರು. ಇರಬಹುದು. ಅದಕ್ಕೂ ಮುಂಚೆ, ಅದಾದ ಮೇಲೂ ಎಷ್ಟೋ ಗಾಡಿಗಳು ಹೋಗಿವೆ.

ಈಗ ನಾಗುವಿಗೆ ಆ ಶ್ರುತಿ ಬಾಯಿಪಾಠ. ಸ, ಪ, ಸ, ಗ, ನಿ, ರಿ. ಬಂದಾಗಲೆಲ್ಲ ಗಿಟಾರನ್ನು ಅದಕ್ಕೇ ಕೂರಿಸಿ ಹೋಗುತ್ತಾನೆ. ನಾನು ಒಮ್ಮೊಮ್ಮೆ ಹೆಬ್ಬೆರಳಿನಿಂದ ಮೀಟಿ ಕೇಳುತ್ತೇನೆ. ನಾದ ಅದೇ, ಸಂದೇಹವಿಲ್ಲ.

ಶ್ರುತಿ ಸಿಕ್ಕಿದೆ. ಸೋಮವಾರ ಸಾಯಂಕಾಲ ಅವಳು ಅದಕ್ಕೆ ಕೂರಿಸುತ್ತೇನೆ ಎಂದಿದ್ದ ಹಾಡು ಇಲ್ಲ.