ಅರಕೆರೆ ಬಸ್ಸು ಬರೋ ಹೊತ್ತಿನ ಜಾತಕ

ಎರಡು ವರ್ಷದ ಹಿಂದೆ, ೧೯೯೭ರಲ್ಲಿ, ಶ್ರೀರಂಗಪಟ್ಟಣದ ಬಸ್ ನಿಲ್ದಾಣದ ಎದುರಿನ ಕಂಪ್ಯೂಟರ್ ಜಾತಕ ಕೇಂದ್ರದಲ್ಲಿ ನಾನು ಚೀಫ್ ಪ್ರೋಗ್ರಾಮರ್. ಚೀಫ್ ಯಾಕೆಂದರೆ ಅಲ್ಲಿ ಇನ್ನೊಬ್ಬ ಪ್ರೋಗ್ರಾಮರ್ ಇರಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಕಂಪ್ಯೂಟರಿಗಿಂತ ಮಿಮಿಕ್ರಿ ಚೆನ್ನಾಗಿ ಬರುತ್ತಿತ್ತು: ಗಿರಾಕಿಗಳ ಕೆಮ್ಮು, ಪ್ರಿಂಟರಿನ ಕರಕರ, ಎಲ್ಲಕ್ಕಿಂತ ಹೆಚ್ಚಾಗಿ ನನ್ನ ಪಾಲುದಾರ ಪುಟ್ಟರಾಜಣ್ಣನ ದನಿ.

ಪುಟ್ಟರಾಜಣ್ಣ ಮೊದಲು ಪಂಪ್‌ಸೆಟ್ ಮಾರುತ್ತಿದ್ದವನು. ಮಾರ್ಕೆಟಿಂಗ್ ಪೂರ್ತಿ ಅವನದು. “ಐದೊರ್ಸದಲ್ಲಿ ನಾಕ್ ತಾಲ್ಲೂಕ್ಗೂ ನಮ್ದೇ ಜಾತ್ಕ ಕಣ್ಲಾ” ಎನ್ನುವುದು ಅವನ ದೂರದೃಷ್ಟಿ. ನನ್ನ ದೃಷ್ಟಿ ಸಂಜೆಯವರೆಗೆ ಮಾತ್ರ. ಬೆಳಿಗ್ಗೆ ಅವನು ಗಿರಾಕಿಗೆ ಒಪ್ಪಿಕೊಂಡದ್ದನ್ನು ಸಂಜೆಯೊಳಗೆ ಪ್ರೋಗ್ರಾಮಿಗೆ ಸೇರಿಸಿ, ಹೊಸ ಫ್ಲಾಪಿಯನ್ನು ನಮ್ಮ ಕೆ.ಆರ್. ಪೇಟೆ ಶಾಖೆಗೆ ಬಸ್ಸಿನಲ್ಲಿ ಕಳಿಸಬೇಕಿತ್ತು. ಎರಡೂ ಅಂಗಡಿಯ ಬೋರ್ಡಿನ ಮೇಲೆ ಅವನು ಕೆಂಪಕ್ಷರದಲ್ಲಿ ಬರೆಸಿದ್ದ: ‘ಮನುಷ್ಯ ತಪ್ಪಬಹುದು, ಕಂಪ್ಯೂಟರ್ ತಪ್ಪುವುದಿಲ್ಲ.’

ಗಿರಾಕಿ ಕಾಯಬಾರದೆಂದು ಮೊದಲು ನಾನು ಹುಟ್ಟಿದ ತಾರೀಖನ್ನಷ್ಟೇ ಕೇಳಿ, ಆ ದಿನ ಸೂರ್ಯೋದಯಕ್ಕಿದ್ದ ನಕ್ಷತ್ರವನ್ನು ಕೊಡುತ್ತಿದ್ದೆ. ಆದರೆ ನಕ್ಷತ್ರ ದಿನದ ನಡುವೆಯೂ ಬದಲಾಗುತ್ತದೆ. ದೇವಲಾಪುರದ ಪುರೋಹಿತರೊಬ್ಬರು ಬಂದು, “ಏನಪ್ಪಾ ಚೀಫು, ನಿಮ್ಮ ಯಂತ್ರದಲ್ಲಿ ಎಲ್ಲರೂ ಸೂರ್ಯನ ಜೊತೇಲೇ ಹುಟ್ತಾರೋ?” ಎಂದು ನಕ್ಕರು. ಎರಡೇ ದಿನದಲ್ಲಿ ಹುಟ್ಟಿದ ಹೊತ್ತನ್ನೂ ಕೇಳುವಂತೆ ತಿದ್ದಿ ಫ್ಲಾಪಿ ಕಳಿಸಿದೆ. ಅಷ್ಟರಲ್ಲಾಗಲೇ ಜನರ ಕೈಸೇರಿದ್ದ ಹಳೆಯ ಕಾಗದಗಳ ನೆನಪೇ ಆಗಲಿಲ್ಲ.

ಮೂರು ವಾರದ ಮೇಲೆ ನಾಗಮಂಗಲದ ಅಕ್ಕಸಾಲಿ ಶಿವಣ್ಣಾಚಾರ್ ಬಂದು ಮೇಜಿನ ಮೇಲೆ ಎರಡು ಕಾಗದ ಇಟ್ಟರು. ಮಗಳು ಗಿರಿಜಾಗೆ ಕೆ.ಆರ್. ಪೇಟೆಯ ಹುಡುಗ ಗೊತ್ತಾಗಿದ್ದ. ಹುಡುಗ ಹುಡುಗಿ ಒಪ್ಪಿದ್ದರು. ಆಚಾರ್ರು ಸ್ವತಃ ತಾಳಿ ಮಾಡಲು ಕೂತಿದ್ದರು. ಒಂದು ಕಾಗದ ಅವರು ನಮ್ಮಲ್ಲಿ ಮೊದಲೇ ತೆಗೆಸಿದ್ದು: ಹುಡುಗಿಯದು ಅಶ್ವಿನಿ ನಕ್ಷತ್ರ, ಸಾಲಾವಳಿ ಮೂವತ್ತಾರಕ್ಕೆ ಇಪ್ಪತ್ತೈದು. ಇನ್ನೊಂದು ಹುಡುಗನ ಸೋದರಮಾವ ಕೆ.ಆರ್. ಪೇಟೆಯಲ್ಲಿ ಹೊಸ ಫ್ಲಾಪಿಯಿಂದ ತೆಗೆಸಿದ್ದು: ಭರಣಿ, ಹದಿನೈದು. ಹದಿನೆಂಟಕ್ಕಿಂತ ಕಡಿಮೆಯಾದರೆ ಮದುವೆಯ ಮಾತಿಲ್ಲ.

“ಎಲ್ಡೂ ನಿಮ್ದೇ ಮಿಸನ್ನು. ನಿಜ ಯಾವ್ದಪ್ಪಾ?”

ಹೊಸದು ಎನ್ನಲು ಬಾಯಿ ತೆರೆದೆ. ಗಿರಿಜಾ ಹುಟ್ಟಿದ ದಿನ ನಕ್ಷತ್ರ ಬದಲಾದದ್ದು ಬೆಳಿಗ್ಗೆ ಒಂಬತ್ತು ಹತ್ತಕ್ಕೆ. ಹೊಸ ಕಾಗದದಲ್ಲಿ ಹುಟ್ಟಿದ ಹೊತ್ತು ಒಂಬತ್ತೂವರೆ ಎಂದಿತ್ತು. ಯಾರು ಹೇಳಿದ್ದು ಎಂದು ಕೇಳಿದೆ.

“ಗಂಡಿನೋರು ಕೇಳುದ್ರು, ನಾನೇ ಅಂದಾಜ್ನಲ್ಲಿ ಬರ್ಕೊಟ್ಟೆ. ಅರಕೆರೇಲಿ ಅವ್ರಜ್ಜಿ ಮನೇಲಿ ಉಟ್ಟಿದ್ದು. ಬಸ್ಸು ಬರೋ ಹೊತ್ತು ಅಂದಿದ್ರು.”

“ಬಸ್ಸಿನ ಟೈಮು ಒಂಬತ್ತಲ್ವಾ?”

“ಇಪ್ಪತ್ತೆಲ್ಡು ವರ್ಸದ ಇಂದ್ಲ ಬಸ್ಸು ಕಣಪ್ಪಾ. ಅವತ್ತು ಲೇಟಾಗಿತ್ತಾ ಅಂತ ಯಾರ್ನ ಕೇಳ್ಲಿ?”

ಪುಟ್ಟರಾಜಣ್ಣ ನನ್ನನ್ನು ಒಳಗೆ ಎಳೆದುಕೊಂಡ. “ಇನ್ನೊಂದ್ ಫ್ಲಾಪಿ ಮಾಡ್ಬುಡ್ಲಾ, ಇಪ್ಪತ್ತೈದು ಬರೋ ಅಂಗೆ.” ಹತ್ತು ನಿಮಿಷದ ಕೆಲಸ. ಕೈ ಏಳಲಿಲ್ಲ.

ಮರುದಿನ ಆಚಾರ್ರ ಜೊತೆ ಕೆ.ಆರ್. ಪೇಟೆಗೆ ಹೋದೆ. ಹುಡುಗನ ಸೋದರಮಾವನ ಎದುರು ಕೈಕಟ್ಟಿ ನಿಂತು, ಪ್ರೋಗ್ರಾಮ್ ನನ್ನದು, ಹೊತ್ತು ಅಂದಾಜಿನದು, ಈ ಕಾಗದ ನಂಬಬೇಡಿ ಎಂದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು.

“ಆಚಾರ್ರು ಚೆನ್ನಾಗೇ ಏಳ್ಕೊಟ್ಟು ಕರ್ಕೊಂಬಂದವ್ರೆ! ಮನ್ಸ ತಪ್ಬೌದು ಕಣ್ಲಾ, ಕಂಪ್ಯೂಟ್ರು ತಪ್ಪಲ್ಲ. ನಿಮ್ ಬೋರ್ಡೇ ಏಳ್ತದಲ್ಲ!”

ಬೋರ್ಡಿನ ಪ್ರಕಾರ ನಾನು ಮನುಷ್ಯ. ವಾಪಸ್ ಬರುವಾಗ ಆಚಾರ್ರು ಬಸ್ಸಿನ ಕಿಟಕಿಯಾಚೆ ನೋಡುತ್ತಾ ಒಂದೇ ಒಂದು ಮಾತಾಡಿದರು: “ತಾಳಿ ಕರಗಿಸ್ಬೇಕು.”

ಆ ವರ್ಷ ಪ್ರೋಗ್ರಾಮನ್ನು ಹನ್ನೊಂದು ಸಲ ತಿದ್ದಿದೆ. ಬೋರ್ಡಿನ ಸಾಲನ್ನು ತಿದ್ದುವುದು ಮಾತ್ರ ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಜನ ಮನೆಗೆ ಒಯ್ದದ್ದು ಅದನ್ನೇ. ಇವತ್ತಿನ ಆತುರಕ್ಕೆ ಬರೆದದ್ದನ್ನು ನಾಳೆ ಅಳಿಸಬಹುದು, ಇವತ್ತಿನ ಆತುರಕ್ಕೆ ನಂಬಿಸಿದ್ದನ್ನು ಅಳಿಸಲಾಗದು ಎಂದು ಈ ಕೆಲಸ ನನಗೆ ಕಲಿಸಿತು. ಅವತ್ತು ಕೆ.ಆರ್. ಪೇಟೆಯಿಂದ ಬಂದವನೇ ಏಣಿ ಹಾಕಿ ಆ ಸಾಲಿಗೆ ಕಪ್ಪು ಬಣ್ಣ ಬಳಿದೆ. ಆಮೇಲೂ ಗಿರಾಕಿಗಳು ಬಂದು ಅದನ್ನು ಬಾಯಿಪಾಠ ಒಪ್ಪಿಸುತ್ತಿದ್ದರು, ಥೇಟ್ ಪುಟ್ಟರಾಜಣ್ಣನ ದನಿಯಲ್ಲಿ, ನನಗಿಂತ ಚೆನ್ನಾಗಿ.