ಅರ್ಧ ಸುತ್ತಿನ ಫರಕು

ಜೀಪಿನ ಬಣ್ಣ ಹಸಿರೋ ಬೂದಿಯೋ, ಈಗ ಖಾತ್ರಿಯಿಲ್ಲ. ಆ ದಿನ ಹಳ್ಳದಲ್ಲಿ ಎಷ್ಟು ನೀರಿತ್ತೆಂಬುದನ್ನೂ ಕೇಳುವವರ ಮುಖ ನೋಡಿ ಏರಿಸಿ ಇಳಿಸಿ ಹೇಳುತ್ತ ಬಂದಿದ್ದೇನೆ. ಹಾಗಾಗಿ ನನ್ನನ್ನು ಪೂರ್ತಿ ನಂಬಬೇಡಿ.

ನಿಜಾಮರ ಆಳ್ವಿಕೆ ಮುಗಿದು ನಮ್ಮ ಕಡೆ ಕನ್ನಡ ಶಾಲೆಗಳು ತೆರೆಯುತ್ತಿದ್ದ ಕಾಲ. ಅವ್ವನ ತಂಗಿ, ನನ್ನ ಚಿಗವ್ವ, ಶಿಕ್ಷಕಿಯ ಕೆಲಸದ ಸಂದರ್ಶನಕ್ಕೆ ಯಾದಗಿರಿಗೆ ಹೋಗಬೇಕಿತ್ತು. ನಮ್ಮ ಕೆಂಭಾವಿಯಿಂದ ಶಹಾಪುರಕ್ಕೆ ಹೋಗುವ ದಾರಿಯಲ್ಲಿ ಹಳ್ಳ ಬಂದರೆ ಬಸ್ಸು ನಿಲ್ಲುತ್ತಿತ್ತು. ಉಳಿದದ್ದು ಅವಳ ಅಣ್ಣನ, ಅಂದರೆ ನನ್ನ ಮಾವನ ಜೀಪು, ಮಿಲಿಟರಿಯವರು ಮಾರಿದ್ದು. ಎರೆಮಣ್ಣಿನಲ್ಲಿ ಹೊಟ್ಟೆ ತಾಗುತ್ತದೆಂದು ಮಾವ ಅದಕ್ಕೆ ದೊಡ್ಡ ಟೈರು ಹಾಕಿಸಿದ್ದ. ಎತ್ತರವೇನೋ ಬಂತು, ಏರಿನಲ್ಲಿ ಎಂಜಿನ್ನಿಗೆ ದಮ್ಮು ಸಾಲದಾಯಿತು. ಅದಕ್ಕೆಂದು ಸುರಪುರದ ಮೆಕ್ಯಾನಿಕ್ ಉಸ್ತಾದ ಗುಜರಿ ಜೀಪೊಂದರ ಹಲ್ಲುಚಕ್ರಗಳನ್ನು ತೆಗೆದು ನಮ್ಮ ಜೀಪಿನ ಹಿಂದಿನ ಗಾಲಿಗಳ ನಡುವಿನ ಡಿಫರೆನ್ಶಿಯಲ್ಲಿಗೆ ಕೂಡಿಸಿದ.

“ಮುಂದಿಂದು?” ಎಂದಳು ಚಿಗವ್ವ.

“ಅದೆದಕ್ಕ ಬೇಕ್ರಿ ಬಾಯಿ? ಎಳಿಯೂದು ಹಿಂದಿಂದು,” ಎಂದ ಉಸ್ತಾದ.

ಸಂದರ್ಶನದ ವಾರ ಹಳ್ಳದಲ್ಲಿ ಪರೀಕ್ಷೆ ಮಾಡಿದೆವು. ಹಿಂದಿನ ಗಾಲಿಗಳು ಕೆಸರಿನಲ್ಲಿ ಸುಮ್ಮನೆ ತಿರುಗಿದವು. ಮಾವ ಲಿವರ್ ಹಾಕಿ ನಾಲ್ಕೂ ಗಾಲಿಗಳಿಗೆ ಎಳೆತ ಕೊಟ್ಟ. ಕೆಸರು ದಾಟಿ ದಡದ ಕಲ್ಲಿಗೆ ಬಂದದ್ದೇ ಗಾಡಿ ನಡುಗಿ, ಕುಪ್ಪಳಿಸಿ, ನಿಂತುಬಿಟ್ಟಿತು. ಎತ್ತು ಕಟ್ಟಿ ಎಳೆಸಿದೆವು.

“ನೀ ಮಾಸ್ತರಬಾಯಿ ಆಗೂದು ಗಾಡಿಗೂ ಬ್ಯಾಡಾಗೇತಿ ನೋಡು,” ಎಂದ ಮಾವ.

“ನಿನ್ನ ಗಾಡಿ ನಿನ್ನಂಗ ಐತಿ ಅಣ್ಣಾ. ಮುಂದೊಂದು ಹೇಳತೈತಿ, ಹಿಂದೊಂದು.”

ಅಂದ ಮಾತಿನಿಂದ ಅವಳಿಗೇ ಕಾರಣ ಹೊಳೆಯಿತೇನೋ. ಅಂಗಳದಲ್ಲಿ ಜೀಪಿನ ಹಿಂಭಾಗ ಎತ್ತಿಸಿ, ಟೈರಿಗೂ ಎಂಜಿನ್ ಕಡೆಯಿಂದ ಬರುವ ಶಾಫ್ಟಿಗೂ ಸುಣ್ಣದ ಗುರುತು ಹಾಕಿದಳು. ಗಾಲಿಗಳೆರಡನ್ನೂ ಕೂಡಿಯೇ ಒಂದು ಸುತ್ತು ತಿರುಗಿಸಿದರೆ ಶಾಫ್ಟು ಐದು ಸುತ್ತು ದಾಟಿತು. ಮುಂಭಾಗ ಎತ್ತಿಸಿದಾಗ ಐದೂ ತುಂಬಲಿಲ್ಲ. ಅರ್ಧ ಸುತ್ತಿನ ಫರಕು. ಒಂದೇ ಎಂಜಿನ್ನು ಮುಂದಿನ ಗಾಲಿಗಳನ್ನು ಬೇಗ, ಹಿಂದಿನವನ್ನು ನಿಧಾನ ಓಡಿಸುತ್ತಿತ್ತು. ಕೆಸರಿನಲ್ಲಿ ಜಾರಿ ಹೊಂದಿಕೊಂಡಿದ್ದ ಗಾಲಿಗಳು ಕಲ್ಲಿನ ಮೇಲೆ ಜಗಳಕ್ಕೆ ನಿಂತಿದ್ದವು.

ಗುಜರಿ ಜೀಪಿನ ಮುಂದಿನ ಹಲ್ಲುಚಕ್ರಗಳ ಜೋಡಿ ಉಸ್ತಾದನ ಅಂಗಡಿಯಲ್ಲೇ ಬಿದ್ದಿತ್ತು. “ಬರೋಬರ್ ಹೇಳೀರಿ ಬಾಯಿ,” ಎಂದು ನಗುತ್ತ ಅದನ್ನೂ ಕೂಡಿಸಿದ.

ಸಂದರ್ಶನದ ದಿನ ಬಸ್ಸು ಆಚೆ ದಡದಲ್ಲಿ ನಿಂತಿತ್ತು, ಇಳಿದ ಜನ ನೋಡುತ್ತಿದ್ದರು. ನಾನು ಹಿಂದಿನ ಸೀಟಿನಲ್ಲಿದ್ದೆ. ಜೀಪು ನೀರಿಗಿಳಿಯಿತು, ಕೆಸರು ದಾಟಿತು, ಅದೇ ಕಲ್ಲಿನ ಏರಿಗೆ ಮೂತಿ ಎತ್ತಿತು. ನಡುಗಲಿಲ್ಲ. ಒಂದೇ ಉಸಿರಿಗೆ ಮೇಲೆ!

“ಹತ್ತೇ ಬಿಡ್ತಲೇ!” ಎಂದು ಜನ ಕೂಗಿದರು. ನಾನೂ ಗಂಟಲು ಬಿರಿಯುವಂತೆ ಕೂಗಿದೆ. ಚಿಗವ್ವ ಹೊತ್ತಿಗೆ ಸರಿಯಾಗಿ ಯಾದಗಿರಿ ಮುಟ್ಟಿದಳು. ಕೆಲಸ ಸಿಕ್ಕಿತು, ಮೊದಲು ಬೋನಾಳದ ಶಾಲೆಯಲ್ಲಿ ಕಲಿಸಿದಳು.

ನನ್ನ ಕಣ್ಣಲ್ಲಿರುವ ಚಿತ್ರದಲ್ಲಿ ಸ್ಟೇರಿಂಗ್ ಹಿಡಿದವಳು ಚಿಗವ್ವ. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಾಳೆ, ಪಕ್ಕದಲ್ಲಿ ಮಾವ “ಸಾವಕಾಶ, ಸಾವಕಾಶ!” ಎಂದು ಅರಚುತ್ತಿದ್ದಾನೆ. ಆದರೆ ಅವಳು ಗಾಡಿ ಕಲಿತದ್ದು ಯಾವಾಗ? ಮಾವ ಹೇಳುವ ಕಥೆಯಲ್ಲಿ ಓಡಿಸಿದವನು ಅವನೇ. ಅವಳು ಎದುರಿಗೆ ಕೂತು ಕೇಳುತ್ತಾಳೆ, ಹೌದೆನ್ನುವುದಿಲ್ಲ, ಅಲ್ಲವೆನ್ನುವುದಿಲ್ಲ. ಅವನಿಲ್ಲದಾಗ ಒಮ್ಮೆ ಕೇಳಿಯೇಬಿಟ್ಟೆ. ಆಕೆ ನಕ್ಕು ಚಹಕ್ಕೆ ನೀರಿಟ್ಟಳು. ನಾನು ಕೇಳಿದ್ದು ಇಷ್ಟೇ:

“ಚಿಗವ್ವ, ಆವತ್ತು ಗಾಡಿ ಹೊಡದವರು ಯಾರು?”