ಪಟ್ಟಿಯಲ್ಲೊಂದು ಕಲ್ಲು

ನಮ್ಮಕ್ಕನಿಗೆ ಮೂಗಿನ ತುದಿಯಲ್ಲೇ ಕೋಪ ಎಂದು ಜನ ಆಡಿಕೊಳ್ಳುತ್ತಾರೆ. ಅದು ಪೂರ್ತಿ ನಿಜವಲ್ಲ. ಮೂಗಿನ ತುದಿಯಲ್ಲಿರುವುದು ಕನ್ನಡಕ. ಕೋಪ ಮೈತುಂಬ ಇದೆ. ಯಾಕಿರಬಾರದು? ದಿನಕ್ಕೆ ಹತ್ತು ಮಂದಿ ಬಂದು ತಲೆ ತಿಂದು, ಹದಿನೇಳು ವರ್ಷ ಕಲಿತದ್ದನ್ನೆಲ್ಲ ಬಿಟ್ಟಿಯಾಗಿ ಬಾಚಿಕೊಂಡು ಹೋದರೆ ನಿಮಗೂ ಬರುತ್ತದೆ. ನನಗಂತೂ ಬರುತ್ತದೆ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ನಾವು.

ಅಕ್ಕ ಗೇಮಿಂಗ್ ಕಂಪ್ಯೂಟರ್ ಜೋಡಿಸುತ್ತಾಳೆ. ದುಡ್ಡಿದ್ದವರದಲ್ಲ, ಹಾಸಿಗೆ ಇದ್ದಷ್ಟು ಕಾಲು ಚಾಚುವವರದು. ಮೂರಂತಸ್ತಿನ ಕಟ್ಟಡದ ಮೊದಲ ಮಹಡಿ, ಉದ್ದನೆಯ ಓಣಿಯ ಎರಡೂ ಕಡೆ ಮೊಬೈಲ್, ಪ್ರಿಂಟರ್, ಕೇಬಲ್ಲುಗಳ ಅಂಗಡಿಗಳು. ಕೊನೆಯದು ನಮ್ಮದು, ಶೌಚಾಲಯದ ಪಕ್ಕ. ಒಳಗೆ ಹಸಿರು ರಬ್ಬರ್ ಹಾಸಿದ ಒಂದು ಮೇಜು, ಎರಡು ಸ್ಟೂಲು, ಸೂರಿನವರೆಗೆ ಡಬ್ಬಗಳು. ಮೇಜು ಅಕ್ಕನದು; ಬಿಲ್ಲು, ಫೋನು, ಬಾಗಿಲು ನನ್ನದು. ಓಣಿಯವರು ಅವಳಿಗೆ ಇಟ್ಟ ಹೆಸರು ಮೆಣಸಿನಕಾಯಿ. ಅವಳಿಗೆ ಗೊತ್ತು. ಹೆಸರಿಟ್ಟ ಕೇಬಲ್ ಅಂಗಡಿಯವನಿಗೆ ಒಂದು ದಿನ, "ಮುಟ್ಟಿದ ಕೈಯಲ್ಲಿ ಕಣ್ಣು ಉಜ್ಜಿಕೊಳ್ಳಬೇಡ" ಎಂದಷ್ಟೇ ಹೇಳಿ ಬಂದಳು.

ಅವಳು ಮೊದಲು ಇದೇ ಓಣಿಯಲ್ಲಿ ಬೇರೆಯವರ ಅಂಗಡಿಯಲ್ಲಿ ಕಸ ಗುಡಿಸುತ್ತಿದ್ದಳು, ಗಿರಾಕಿಗಳಿಗೆ ನೀರು ಕೊಡುತ್ತಿದ್ದಳು. ಯಜಮಾನ ಕಂಪ್ಯೂಟರ್ ಜೋಡಿಸುವಾಗ ಟಾರ್ಚ್ ಹಿಡಿದು ನಿಲ್ಲುತ್ತಿದ್ದಳು. ಟಾರ್ಚ್ ಹಿಡಿದವರಿಗೂ ಕಣ್ಣಿರುತ್ತದೆ ಎನ್ನುವುದನ್ನು ಆ ಮನುಷ್ಯ ಮರೆತಿದ್ದ. ಐದು ವರ್ಷ ನೋಡಿದ ಮೇಲೆ ಒಂದು ದಿನ, ಗಿರಾಕಿಯ ಎದುರಿಗೇ, "ಅದು ಹಾಗಲ್ಲ, ತಿರುಗಿಸಿ ಇಡಿ" ಎಂದಳು. ಅವಳು ಹೇಳಿದ್ದೇ ಸರಿ. ಕೆಲಸ ಅವತ್ತೇ ಹೋಯಿತು.

ಆಮೇಲೆ ಈ ಅಂಗಡಿ. ಯಾರೇ ಬರಲಿ, ಅವಳ ಮೊದಲ ಮಾತು ಒಂದೇ: "ಏನು ಆಡ್ತೀರ, ಅದನ್ನ ಹೇಳಿ. ಡಬ್ಬದ ಬಣ್ಣ ಆಮೇಲೆ." ಬರುವವರಿಗೆ ಮೊದಲು ಬೇಕಾದದ್ದು ಬಣ್ಣವೇ. ಮಿಣಮಿಣ ದೀಪದ ಫ್ಯಾನುಗಳು, ಗಾಜಿನ ಕ್ಯಾಬಿನೆಟ್ಟು. ಒಳಗೆ ಕರೆಂಟು ಹಂಚುವ ಪವರ್ ಸಪ್ಲೈ ಮಾತ್ರ ಯಾವುದಾದರೂ ಆದೀತು. "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು!" ಎಂದು ಅಕ್ಕ ರೇಗುತ್ತಾಳೆ. ದುಬಾರಿ ಗ್ರಾಫಿಕ್ಸ್ ಕಾರ್ಡಿಗೆ ಮುದಿ ಪ್ರೊಸೆಸರ್ ಜೊತೆ ಮಾಡಲು ಹೊರಟವರಿಗೆ, "ಎತ್ತು ಏರಿಗೆ, ಕೋಣ ನೀರಿಗೆ. ನೀವು ಮಧ್ಯದಲ್ಲಿ ಕೂತ್ಕೊಂಡು ಆಡ್ತೀರೋ ಅಳ್ತೀರೋ?" ಎನ್ನುತ್ತಾಳೆ. ಬೈಯುತ್ತಲೇ ಕೂಡಿಸಿ, ಕಳೆದು, ಇದ್ದ ಹಣದಲ್ಲಿ ಅತ್ತಿತ್ತ ಕದಲದ ಪಟ್ಟಿಯೊಂದನ್ನು ಮಾಡಿಕೊಡುತ್ತಾಳೆ. ಏಳು ಸಾಮಾನು, ಏಳು ಸಾಲು, ಗುಂಡಗಿನ ಅಕ್ಷರ. ಅಂಥ ಪಟ್ಟಿ ಮಾಡುವವರು ಈ ಕಟ್ಟಡದಲ್ಲಿ ಇನ್ನೊಬ್ಬರಿಲ್ಲ.

ಆ ಪಟ್ಟಿಯನ್ನು ಜನ ಏನು ಮಾಡುತ್ತಿದ್ದರು ಗೊತ್ತೇ? ಮೊಬೈಲಿನಲ್ಲಿ ಫೋಟೊ ಹೊಡೆದುಕೊಳ್ಳುತ್ತಿದ್ದರು. "ಮನೇಲಿ ಒಂದ್ಮಾತು ಕೇಳಿ ಬರ್ತೀವಿ" ಎಂದು ಹೋಗುತ್ತಿದ್ದರು. ವಾರ ಕಳೆದ ಮೇಲೆ ಬೇರೆ ಕಡೆ ಕೊಂಡ ಸಾಮಾನುಗಳನ್ನು ಚೀಲದಲ್ಲಿ ತಂದು, ಹಲ್ಲು ಕಿರಿದು, "ಸ್ವಲ್ಪ ಜೋಡಿಸಿಕೊಡಿ ಮೇಡಂ" ಎನ್ನುತ್ತಿದ್ದರು. ನಾಚಿಕೆ ಎನ್ನುವುದು ಇವರ ಮನೆಯ ಕಡೆ ಹಾದುಹೋಗಿಯೇ ಇಲ್ಲ.

ಒಂದು ದಿನ ಅಕ್ಕ ತಾಳ್ಮೆ ಕಳೆದುಕೊಂಡಳು. ಅಂದಿನಿಂದ ಪಟ್ಟಿಯಲ್ಲಿ ಒಂದು ಸಾಮಾನನ್ನು ಬೇಕೆಂದೇ ತಪ್ಪು ಬರೆಯತೊಡಗಿದಳು. ನಮ್ಮಲ್ಲೇ ಕೊಂಡರೆ ತಾನೇ ಸರಿಪಡಿಸಿ ಕೊಡುತ್ತಿದ್ದಳು, ಅವರಿಗೆ ಗೊತ್ತೂ ಆಗುತ್ತಿರಲಿಲ್ಲ. ಪಟ್ಟಿ ಹೊತ್ತುಕೊಂಡು ಓಡಿದವರಿಗೆ ಮಾತ್ರ ಅದು ಅಕ್ಕಿಯೊಳಗಿನ ಕಲ್ಲು. ಹೆಚ್ಚಾಗಿ ಅವಳು ಹಾಕುತ್ತಿದ್ದುದು ಕಂಪ್ಯೂಟರಿನ ನೆನಪಿನ ಬಿಲ್ಲೆ, ರ‍್ಯಾಮ್. ಹೊಸ ಮದರ್‌ಬೋರ್ಡಿನ ಜೊತೆಗೆ ಹಿಂದಿನ ತಲೆಮಾರಿನ ರ‍್ಯಾಮ್ ಬರೆಯುವುದು. ನೋಡಲು ಎರಡೂ ಒಂದೇ ಥರದ ಉದ್ದ ಬಿಲ್ಲೆ, ಆದರೆ ಅಂಚಿನ ಕಚ್ಚು ಕೂದಲೆಳೆಯಷ್ಟು ಪಕ್ಕಕ್ಕಿರುತ್ತದೆ. ತಲೆಕೆಳಗಾಗಿ ನಿಂತರೂ ಕೂರುವುದಿಲ್ಲ. ಕಲ್ಲು ಎಂಬ ಹೆಸರು ಇಟ್ಟವನು ನಾನೇ. ಹಲ್ಲು ಮುರಿದುಕೊಂಡವರು ವಾಪಸು ಬಂದಾಗ ನಾವಿಬ್ಬರೂ ಡಬ್ಬಗಳ ಹಿಂದೆ ಹೋಗಿ ನಗುತ್ತಿದ್ದೆವು. ಇಡೀ ವಾರದಲ್ಲಿ ಅಕ್ಕ ನಗುತ್ತಿದ್ದುದು ಆಗ ಮಾತ್ರ.

ಆಸ್ಪತ್ರೆಯ ಲಾಂಡ್ರಿಯವರು ಬಂದದ್ದು ಒಂದು ಮಧ್ಯಾಹ್ನ. ಲಾಂಡ್ರಿಯ ಮೇಸ್ತ್ರಿ, ಐವತ್ತು ದಾಟಿದ ಗಟ್ಟಿ ಹೆಂಗಸು. ಜೊತೆಗೆ ಇಸ್ತ್ರಿ ಮಾಡುವವಳು, ಮೂವತ್ತರ ಒಳಗಿನವಳು, ಮೊಣಕೈವರೆಗೆ ಸುಟ್ಟ ಗೀರುಗಳು. ಅವರ ಬಟ್ಟೆ ವ್ಯಾನಿನ ಡ್ರೈವರಿಗೆ ಒಂದು ಕಣ್ಣು ಹೋಗಿದೆ. ಲೈಸೆನ್ಸ್ ಕಿತ್ತುಕೊಂಡಿದ್ದಾರೆ. ಇಪ್ಪತ್ತೆಂಟು ವರ್ಷ ಸ್ಟಿಯರಿಂಗ್ ಹಿಡಿದ ಮನುಷ್ಯ ಈಗ ಮನೆಯಲ್ಲಿ ಕೂತು ಹೆಂಡತಿಯ ಮೇಲೂ ಗೋಡೆಯ ಮೇಲೂ ಕೂಗಾಡುತ್ತಾನಂತೆ.

"ಲಾರಿ ಓಡಿಸೋ ಆಟ ಇದೆಯಂತಲ್ಲ ಮೇಡಂ, ಅದು ಬರೋ ಅಂಥದ್ದು ಬೇಕು" ಎಂದಳು ಮೇಸ್ತ್ರಿ.

ಅಕ್ಕ ಅವತ್ತು ಬೈಯಲೇ ಇಲ್ಲ. ಒಂದೂವರೆ ಗಂಟೆ ಕೂತು ವಿವರಿಸಿದಳು. ಒಂದೇ ಕಣ್ಣಿನವರಿಗೆ ಪರದೆ ಎಷ್ಟು ದೊಡ್ಡದಿರಬೇಕು, ಎಷ್ಟು ದೂರದಲ್ಲಿಡಬೇಕು ಎಂಬುದನ್ನೂ ಹೇಳಿದಳು. ಪಟ್ಟಿ ಬರೆಯಲು ಕಾಗದ ತೆಗೆದಳು. ಆಗ ಮೇಸ್ತ್ರಿ ಅಂದಳು: "ಒಂದೇ ಕಾಗದದಲ್ಲಿ ಬೇಡ ಮೇಡಂ. ಒಂದೊಂದು ಸಾಮಾನೂ ಬೇರೆ ಬೇರೆ ಚೀಟೀಲಿ ಬರೆದುಕೊಡಿ."

ಏಳು ಚೀಟಿ. ಅಂದರೆ ಏಳು ಅಂಗಡಿ! ಫೋಟೊ ಹೊಡೆಯುವವರಾದರೂ ಒಂದೇ ಸಲ ಕದಿಯುತ್ತಿದ್ದರು, ಇವರು ತುಂಡು ತುಂಡು ಮಾಡಿ ಬೆಲೆ ಕೇಳಿಸಲು ಹೊರಟಿದ್ದಾರೆ. ಅಕ್ಕನ ಕಿವಿ ಕೆಂಪಾದದ್ದು ನನಗೆ ಕಾಣಿಸಿತು. ಯಾಕೆ ಎಂದು ಕೇಳಬಹುದಿತ್ತು. ಅವಳು ಕೇಳಲಿಲ್ಲ. ನಾನೂ ಕೇಳಲಿಲ್ಲ. ಏಳು ಚೀಟಿ ಬರೆದಳು, ನಾಲ್ಕನೆಯದರಲ್ಲಿ ಕಲ್ಲು ಹಾಕಿದಳು. ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದಳು. ನಾನು ನಕ್ಕೆ.

ಹನ್ನೆರಡು ದಿನವಾದ ಮೇಲೆ ಇಸ್ತ್ರಿಯವಳು ಒಬ್ಬಳೇ ಬಂದಳು. ಕೂರಲಿಲ್ಲ. ಮೇಜಿನ ಮೇಲೆ ಒಂದು ರ‍್ಯಾಮನ್ನೂ ಮಡಚಿ ಮಡಚಿ ಸವೆದ ಚೀಟಿಯನ್ನೂ ಇಟ್ಟಳು.

"ಕೂರ್ತಿಲ್ಲ ಅಲ್ವಾ?" ಅಕ್ಕ ಎಂದಿನ ಮಾತು ತೆಗೆದಳು. "ನಮ್ಮಲ್ಲೇ ತಗೊಂಡಿದ್ರೆ ಈ ಗತಿ ಬರ್ತಿತ್ತಾ?"

"ಇದು ನಿಮ್ಮ ಅಕ್ಷರ ತಾನೇ?"

"ಬೇರೆ ರ‍್ಯಾಮ್ ಕೊಡ್ತೀನಿ, ಇರಿ."

"ನಾನು ಕೇಳಿದ್ದು ಅದಲ್ಲ. ಇದು ನಿಮ್ಮ ಅಕ್ಷರ ತಾನೇ?"

ಆಮೇಲೆ ಅವಳು ಹೇಳಿದ್ದನ್ನು ಇಲ್ಲಿ ಬರೆಯುವಾಗಲೂ ನನಗೆ ನನ್ನ ಮೇಲೆ ಕೆಟ್ಟ ಸಿಟ್ಟು ಬರುತ್ತದೆ. ಲಾಂಡ್ರಿಯವರು ಸಮನಾಗಿ ಹಣ ಹಾಕಿ, ಏಳು ಜನ ಒಂದೊಂದು ಚೀಟಿ ಹಂಚಿಕೊಂಡಿದ್ದರು. ಪ್ರತಿಯೊಬ್ಬರೂ ಒಂದು ಸಾಮಾನು ತಾವೇ ಕೊಂಡು ತಂದು, 'ಇದು ನಾನು ತಂದದ್ದು' ಎಂದು ಡ್ರೈವರ್ ಮುಂದೆ ಇಡಬೇಕು, ಅದು ಮೇಸ್ತ್ರಿಯ ಆಸೆ. ಅಷ್ಟೇ. ಬೆಲೆ ಹೋಲಿಸುವ ಉದ್ದೇಶವೂ ಇಲ್ಲ, ಚೌಕಾಸಿಯೂ ಇಲ್ಲ. ನಾಲ್ಕನೆಯ ಚೀಟಿ ಬಿದ್ದದ್ದು ಇಸ್ತ್ರಿಯವಳ ಪಾಲಿಗೆ. ಅವಳು ಮನೆಯ ಹತ್ತಿರದ ಸಣ್ಣ ಅಂಗಡಿಯಲ್ಲಿ, ಚೀಟಿಯಲ್ಲಿದ್ದದ್ದನ್ನು ತೋರಿಸಿ, ಅದನ್ನೇ ಕೊಂಡಿದ್ದಳು. ಅಂಗಡಿಯವನು ಬರೀ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಟ್ಟ, ಬಿಲ್ಲಿಲ್ಲ.

ಜೋಡಿಸಲು ಕೂತವನು ಆಸ್ಪತ್ರೆಯ ಕಂಪ್ಯೂಟರ್ ನೋಡಿಕೊಳ್ಳುವವನು. ರ‍್ಯಾಮನ್ನು ತಿರುಗಿಸಿ ನೋಡಿದ. "ಇದು ಹಳೇ ಕಾಲದ್ದು. ಕೆಳಗೆ ಗುಜರಿಗೆ ಹಾಕಿರೋ ಕಂಪ್ಯೂಟರಲ್ಲಿ ಇಂಥವೇ ಇರೋದು" ಎಂದ. ಲಾಂಡ್ರಿಯ ಬಾಗಿಲ ಪಕ್ಕದಲ್ಲೇ ಆ ಗುಜರಿಯ ರಾಶಿ. ಅವಳು ಚೀಟಿ ತೋರಿಸಿದಾಗ, "ಯಾವ ಅಂಗಡಿಯವರೂ ಹೀಗೆ ಬರೆಯೋದಿಲ್ಲ. ಈ ಚೀಟಿ ನೀನೇ ಬರೆದಿದ್ದು" ಎಂದ. ಉಳಿದವರು ಸಾಮಾನು ತಂದ ಮೇಲೆ ತಮ್ಮ ಚೀಟಿ ಎಸೆದಿದ್ದರು, ಅಕ್ಷರ ಹೋಲಿಸಿ ನೋಡಲು ಇನ್ನೊಂದಿರಲಿಲ್ಲ.

"ಗುಜರೀಲಿ ಕಿತ್ಕೊಂಡು, ಕೊಟ್ಟ ದುಡ್ಡು ನುಂಗಿದಳು ಅಂದ್ರು" ಎಂದಳು ಇಸ್ತ್ರಿಯವಳು. ಅಳುತ್ತಿರಲಿಲ್ಲ. ದವಡೆ ಬಿಗಿದಿತ್ತು. "ಡ್ರೈವರಣ್ಣ ಎಲ್ಲ ಸಾಮಾನೂ ವಾಪಸ್ ಕಳಿಸಿದ, ಕದ್ದ ಮಾಲು ನಂಗೆ ಬೇಡ ಅಂತ. ನಾನು ಒಂಬತ್ತು ವರ್ಷ ಇಸ್ತ್ರಿ ಹಾಕಿಕೊಟ್ಟ ಅಂಗಿ ತೊಟ್ಟ ಮನುಷ್ಯ. ತಿಂಗಳ ಕೊನೆಗೆ ನನ್ನ ಕಾಂಟ್ರ್ಯಾಕ್ಟ್ ಮುಗಿಯುತ್ತೆ. ಈ ಹೆಸರು ಹೊತ್ತೋಳಿಗೆ ಇನ್ನೊಂದು ಕೊಡ್ತಾರಾ? ಹೇಳಿ ಮೇಡಂ, ಇದು ಯಾರ ಅಕ್ಷರ?"

ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಹಾಕಿದರು ಎನ್ನುತ್ತಾರೆ. ಬರೆಯ ಕಬ್ಬಿಣ ಕಾಯಿಸಿ ಕೊಟ್ಟವರು ನಾವು. ಅಕ್ಕ ಚೀಟಿಯನ್ನೇ ನೋಡುತ್ತಿದ್ದಳು.

"ನಂದೇ" ಎಂದಳು. ಆಮೇಲೆ, ಸಣ್ಣ ದನಿಯಲ್ಲಿ, "ಏನೋ ಕೈತಪ್ಪಿ..."

ನನಗೆ ತಡೆಯಲಾಗಲಿಲ್ಲ. "ಅಕ್ಕಾ!" ಎಂದೆ.

"ನೀನು ಬಾಯಿ ಮುಚ್ಕೊಳ್ಳೋ!" ಎಂದು ನನ್ನ ಮೇಲೆ ಹರಿಹಾಯ್ದಳು. "ಅವತ್ತು ನಕ್ಕಾಗ ಎಲ್ಲಿ ಹೋಗಿತ್ತು ಈ ದನಿ?" ಮೈಯ ಕರೆಂಟು ಸಾಮಾನಿಗೆ ತಾಗದಿರಲೆಂದು ಮಣಿಕಟ್ಟಿಗೆ ಕಟ್ಟಿಕೊಂಡಿದ್ದ ದಾರವನ್ನು ಕಿತ್ತೆಸೆದಳು. ಸರಿಯಾದ ರ‍್ಯಾಮಿನ ಪೊಟ್ಟಣವನ್ನು ಶೆಲ್ಫಿನಿಂದ ಎಳೆದುಕೊಂಡು, ಶಟರ್ ಎಳಿ ಎಂದಳು. ಹಗಲು ಹೊತ್ತಿನಲ್ಲಿ ನಮ್ಮ ಶಟರ್ ಇಳಿದದ್ದು ಕಂಡು ಕೇಬಲ್ ಅಂಗಡಿಯವನು ಹೊರಗೆ ಬಂದು ನಿಂತ. ಅವನನ್ನು ದಾಟಿಕೊಂಡು ಮೂವರೂ ಆಸ್ಪತ್ರೆಗೆ ಹೊರಟೆವು.

ಲಾಂಡ್ರಿ ಇದ್ದದ್ದು ಆಸ್ಪತ್ರೆಯ ನೆಲಮಾಳಿಗೆಯಲ್ಲಿ. ಆಳೆತ್ತರದ ನಾಲ್ಕು ಯಂತ್ರಗಳು ಗಡಗಡ ತಿರುಗುತ್ತಿದ್ದವು. ಸೋಪಿನ ಹಬೆ, ಕಾದ ಬಟ್ಟೆಯ ವಾಸನೆ. ಮೂಲೆಯ ಬೆಂಚಿನ ಮೇಲೆ, ಗಾಜಿಲ್ಲದ, ದೀಪವಿಲ್ಲದ ಒಂದು ಕಪ್ಪು ಕ್ಯಾಬಿನೆಟ್ ಬಾಯಿ ತೆರೆದುಕೊಂಡು ಕೂತಿತ್ತು. ಅಕ್ಕ ಹೇಳಿದ್ದನ್ನು ಒಂದಕ್ಷರ ಬಿಡದೆ ತಂದಿದ್ದರು. ಇಸ್ತ್ರಿಯವಳು ಒಳಗೆ ಬಂದಾಗ ಇಬ್ಬರು ಬೆನ್ನು ತಿರುಗಿಸಿದ್ದು ನನ್ನ ಕಣ್ಣಿಗೆ ಬಿತ್ತು. ಮೇಸ್ತ್ರಿ ಕಂಪ್ಯೂಟರಿನವನನ್ನೂ ಕರೆಸಿದಳು.

"ಈ ಚೀಟಿ ಬರೆದದ್ದು ನಾನು" ಎಂದಳು ಅಕ್ಕ. "ರ‍್ಯಾಮ್ ತಪ್ಪು ಬರೆದಿದ್ದೆ. ಇವರು ಅದರಲ್ಲಿ ಇದ್ದದ್ದನ್ನೇ ತಂದಿದ್ದಾರೆ."

ಮೇಸ್ತ್ರಿ ಎದೆಯ ಮೇಲೆ ಕೈಯಿಟ್ಟುಕೊಂಡು ಉಸಿರುಬಿಟ್ಟಳು. "ಅಷ್ಟೇನಾ! ಮನುಷ್ಯರು ಅಂದ್ಮೇಲೆ ತಪ್ಪು ಆಗುತ್ತೆ ಬಿಡಿ ಮೇಡಂ. ನಮಗೋಸ್ಕರ ಅಷ್ಟು ಹೊತ್ತು ಕೂತು ಹೇಳಿದೋರು ನೀವು."

ಅಲ್ಲಿಗೆ ಮುಗಿಸಬಹುದಿತ್ತು. ಬಾಗಿಲು ತೆರೆದೇ ಇತ್ತು. ನಾನಾಗಿದ್ದರೆ ತಲೆಯಾಡಿಸಿ ಹೊರಗೆ ಬರುತ್ತಿದ್ದೆ, ಸುಳ್ಳು ಯಾಕೆ ಹೇಳಲಿ. ಆದರೆ ಅಕ್ಕನ ಕಿವಿ ಮತ್ತೆ ಕೆಂಪಾಯಿತು.

"ತಪ್ಪು ಅಲ್ಲ ರೀ! ಬೇಕಂತಲೇ ಬರೆದೆ. ನೀವು ಬೇರೆ ಕಡೆ ತಗೊಳ್ಳೋಕೆ ಹೊರಟಿದ್ದೀರ ಅಂತ ಹೊಟ್ಟೆ ಉರಿದು ಬರೆದೆ. ನಿಮ್ಮೊಬ್ಬರಿಗಲ್ಲ, ಎಷ್ಟೋ ಜನಕ್ಕೆ ಬರೆದಿದ್ದೀನಿ."

ಮೇಸ್ತ್ರಿಯ ಕೈ ಎದೆಯಿಂದ ಇಳಿಯಿತು. ಯಂತ್ರಗಳು ಗಡಗಡ ಅನ್ನುತ್ತಲೇ ಇದ್ದವು. ಆಚೆ ತುದಿಯಲ್ಲಿ ಹೊದಿಕೆ ಮಡಚುತ್ತಿದ್ದ ನಾಲ್ಕೈದು ಜನ ಏನಾಯಿತೆಂದು ಕತ್ತು ಚಾಚಿ ನೋಡುತ್ತಿದ್ದರು.

ಇಸ್ತ್ರಿಯವಳು ಅವರ ಕಡೆ ನೋಡಿದಳು. ಗೋಡೆಯ ಹತ್ತಿರ ಹೋಗಿ ಒಂದೊಂದೇ ಸ್ವಿಚ್ ಆರಿಸಿದಳು. ನಾಲ್ಕೂ ಯಂತ್ರಗಳು ನಿಧಾನಕ್ಕೆ ತಿರುಗಿ ನಿಂತವು.

"ನನ್ನನ್ನ ಕಳ್ಳಿ ಅಂದೋರು ಆ ಕಡೆನೂ ಇದ್ದಾರೆ" ಎಂದಳು. "ಅವರಿಗೆ ಕೇಳಿಸಲಿಲ್ಲ. ಇನ್ನೊಂದ್ಸಲ ಹೇಳಿ."

ನಾಲ್ಕು ಅಂಗಡಿ ಆಚೆಗೂ ಕೇಳಿಸುವ ದನಿ ನಮ್ಮಕ್ಕನದು. ಅವತ್ತು ಅದನ್ನು ತೆಗೆಯುವ ಮುಂಚೆ ಹೊದಿಕೆ ಮಡಚುವವರ ಕಡೆ ಪೂರ್ತಿ ತಿರುಗಿ ನಿಂತಳು. ಹೇಳಿದಳು. ಮೊದಲಿಂದ ಕೊನೆಯವರೆಗೆ, ಎಲ್ಲರಿಗೂ ಕೇಳುವ ಹಾಗೆ. ಕಂಪ್ಯೂಟರಿನವನು ತನ್ನ ಚಪ್ಪಲಿ ನೋಡುತ್ತ ನಿಂತಿದ್ದ.

ಆಮೇಲೆ ಅಕ್ಕ ಹೊಸ ರ‍್ಯಾಮಿನ ಪೊಟ್ಟಣವನ್ನು ಇಸ್ತ್ರಿಯವಳ ಮುಂದೆ ಚಾಚಿದಳು. ಅವಳು ಕೈ ಮುಂದೆ ಮಾಡಲಿಲ್ಲ.

"ಮೇಸ್ತ್ರಮ್ಮನ ಕೈಗೆ ಕೊಡಿ" ಎಂದಳು. "ಎಲ್ಲರೂ ನೋಡೋ ಹಾಗೆ ಕೊಡಿ. ನಾನು ಮುಟ್ಟಲ್ಲ."

ಅಕ್ಕ ಹಾಗೇ ಕೊಟ್ಟಳು. ಇಸ್ತ್ರಿಯವಳು ಸ್ವಿಚ್ಚುಗಳನ್ನು ಮತ್ತೆ ಹಾಕಿ, ತನ್ನ ಮೇಜಿಗೆ ಹೋಗಿ, ಅರ್ಧಕ್ಕೆ ಬಿಟ್ಟಿದ್ದ ಅಂಗಿಯನ್ನು ಹರಡಿಕೊಂಡಳು.